ಬ್ಯಾಗು ತಿಳಿಯಾಗಿಯೇ ಇದೆ, ಇನ್ನೊಂದು ಆಂಪೂಲ್ ಕ್ಯಾಲ್ಸಿಯಂ ಸೇರಿಸಿದರೇನು?

ಪ್ರಶ್ನೆ: ಹಲವು ವರ್ಷ ದೊಡ್ಡವರ ಐಸಿಯುನಲ್ಲಿ ನರ್ಸ್ ಆಗಿದ್ದೆ. ಈಗ ನವಜಾತ ಶಿಶುಗಳ ಐಸಿಯುಗೆ ಹಾಕಿದ್ದಾರೆ. ಅಲ್ಲಿ ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೂರ್ಣ ಪೋಷಣೆ) ಎಂದರೆ ಬಿಳಿ ದ್ರವದ ಒಂದೇ ದೊಡ್ಡ ಬ್ಯಾಗು. ಇಲ್ಲಿ ಹಳದಿ ದ್ರವದ ಚಿಕ್ಕ ಬ್ಯಾಗು ಬೇರೆ, ಲಿಪಿಡ್ (ಕೊಬ್ಬು) ತುಂಬಿದ ಸಿರಿಂಜು ಬೇರೆ, ಎರಡಕ್ಕೂ ಬಣ್ಣದ ಕವರು. ಮೊನ್ನೆ ನೈಟ್ ಡ್ಯೂಟಿಯಲ್ಲಿ ಒಂದು ಕೆಜಿ ತೂಕದ ಮಗುವಿನ ಕ್ಯಾಲ್ಸಿಯಂ ಕಡಿಮೆ ಬಂತು. ಓಡುತ್ತಿರುವ ಬ್ಯಾಗಿಗೇ ಒಂದು ಆಂಪೂಲ್ ಕ್ಯಾಲ್ಸಿಯಂ ಗ್ಲುಕೋನೇಟ್ ಸೇರಿಸಿಬಿಡಿ ಎಂದು ಡ್ಯೂಟಿ ಡಾಕ್ಟರ್ ಹೇಳಿದರು. ಫಾರ್ಮಸಿಗೆ ಫೋನ್ ಮಾಡಿದರೆ 'ಬೇಡ' ಎಂದು ಹೇಳಿ ಇಟ್ಟುಬಿಟ್ಟರು. ಅದಾದ ಮೇಲೆ ಇನ್ನೊಂದು ಮಗುವಿನ ಲೈನಿನಲ್ಲಿ ಫಿಲ್ಟರ್ ಬ್ಲಾಕ್ ಆಗಿ ಪಂಪು ಕೂಗತೊಡಗಿತು. ಬ್ಯಾಗು ನೋಡಿದರೆ ಪೂರ್ತಿ ತಿಳಿ. ಫಿಲ್ಟರ್ ತೆಗೆದು ನೇರವಾಗಿ ಕೊಡೋಣ ಎಂದು ಜೊತೆಯವರು ಹೇಳಿದರು, ನನಗೆ ಧೈರ್ಯ ಬರಲಿಲ್ಲ. ದೊಡ್ಡವರ ವಾರ್ಡಿನಲ್ಲಿ ಬ್ಯಾಗಿನ ಮೇಲ್ಭಾಗದಲ್ಲಿ ಬಿಳಿ ಪದರ ಕಂಡರೆ ಅಲ್ಲಾಡಿಸಿ ಹಾಕುತ್ತಿದ್ದೆವು. ಅದು ಸರಿಯೇ? ಬಣ್ಣದ ಕವರು ನಿಜಕ್ಕೂ ಬೇಕೋ, ಶಾಸ್ತ್ರಕ್ಕೆ ಹಾಕುವುದೋ? ಫ್ರಿಜ್‌ನಿಂದ ಬಂದ ಬ್ಯಾಗನ್ನು ಬಿಸಿನೀರಿನಲ್ಲಿಟ್ಟು ಬೇಗ ಬೆಚ್ಚಗೆ ಮಾಡಬಹುದೇ?

ಉತ್ತರ: ಫಿಲ್ಟರ್ ತೆಗೆಯಲು ನಿಮಗೆ ಧೈರ್ಯ ಬಾರದೆ ಹೋದದ್ದು ಒಳ್ಳೆಯದೇ ಆಯಿತು. ಫಾರ್ಮಸಿಯವರು 'ಬೇಡ' ಎಂದದ್ದೂ ಸರಿ. ಕಾರಣ ಹೇಳದೆ ಫೋನ್ ಇಟ್ಟದ್ದು ಮಾತ್ರ ಸರಿಯಲ್ಲ. ನಡುರಾತ್ರಿ ಮಗುವಿನ ಪಕ್ಕದಲ್ಲಿ ನಿಂತವರಿಗೆ ಕಾರಣ ಗೊತ್ತಿದ್ದರೆ ತಾನೇ ಡಾಕ್ಟರಿಗೆ ಎದುರು ಹೇಳಲು ಬಾಯಿ ಬರುವುದು?

ನಾನು ಆಸ್ಪತ್ರೆಯ ಫಾರ್ಮಸಿಯಲ್ಲಿ ಟಿಪಿಎನ್ ತಯಾರಿಸುವ ಕೆಲಸದವನು. ನಿಮ್ಮ ಪ್ರಶ್ನೆಗಳು ಐದಾರಿದ್ದರೂ ಬಹುಮಟ್ಟಿಗೆ ಅವುಗಳ ಹಿಂದಿರುವ ನಂಬಿಕೆ ಒಂದೇ: ಬ್ಯಾಗು ಕಣ್ಣಿಗೆ ಸರಿಯಾಗಿ ಕಂಡರೆ ಒಳಗೂ ಸರಿಯಾಗಿಯೇ ಇರುತ್ತದೆ. ವಾರ್ಡಿನಲ್ಲಿ ನಾನು ಅತಿ ಹೆಚ್ಚು ಎದುರಿಸುವ ತಪ್ಪು ತಿಳಿವಳಿಕೆ ಇದು. ಒಂದು ಬ್ಯಾಗಿನಲ್ಲಿ ಡೆಕ್ಸ್‌ಟ್ರೋಸ್ (ಅಂದರೆ ಗ್ಲುಕೋಸ್), ಹದಿನೈದಕ್ಕೂ ಹೆಚ್ಚು ಅಮೈನೋ ಆಮ್ಲಗಳು, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಫಾಸ್ಫೇಟ್, ಸತು, ತಾಮ್ರ, ಸೆಲೆನಿಯಂ, ಹದಿಮೂರು ವಿಟಮಿನ್, ಕೆಲವೊಮ್ಮೆ ಕೊಬ್ಬಿನ ಎಮಲ್ಷನ್ ಎಲ್ಲವೂ ಇರುತ್ತವೆ. ಇಷ್ಟೂ ಒಂದೇ ನೀರಿನಲ್ಲಿ ಜಗಳವಾಡದೆ ಇರುವುದು ಒಂದು ಲೆಕ್ಕಾಚಾರದಿಂದ. ಆ ಲೆಕ್ಕ ನಾವು ಬ್ಯಾಗಿಗೆ ಸೀಲ್ ಹಾಕುವ ಹೊತ್ತಿಗೆ ಮುಗಿದಿರುತ್ತದೆ. ಆಮೇಲೆ ಏನು ಸೇರಿಸಿದರೂ ಅದು ಲೆಕ್ಕದ ಹೊರಗಿನದು.

ಮೊದಲು ಕ್ಯಾಲ್ಸಿಯಂ ವಿಷಯ, ಏಕೆಂದರೆ ಜೀವಕ್ಕೆ ಕುತ್ತು ತರುವುದು ಅದೇ.

ದೊಡ್ಡವರಿಗೆ ದಿನಕ್ಕೆ ಸುಮಾರು 5ರಿಂದ 7.5 ಮಿಲಿಮೋಲ್ ಕ್ಯಾಲ್ಸಿಯಂ ಕೊಡುತ್ತೇವೆ, ಎರಡು ಲೀಟರ್ ದ್ರವದಲ್ಲಿ. ಲೀಟರಿಗೆ ಲೆಕ್ಕ ಹಾಕಿದರೆ ಮೂರು, ನಾಲ್ಕು ಮಿಲಿಮೋಲ್ ಅಷ್ಟೇ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕಥೆ ಬೇರೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಮೂಳೆಗೆ ಸೇರಬೇಕಾಗಿದ್ದ ಖನಿಜವನ್ನೆಲ್ಲ ನಾವು ರಕ್ತನಾಳದ ಮೂಲಕ ಕೊಡಬೇಕು. ಬೆಳವಣಿಗೆಯ ಹಂತದಲ್ಲಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 1.6ರಿಂದ 3.5 ಮಿಲಿಮೋಲ್ ಕ್ಯಾಲ್ಸಿಯಂ ಬೇಕು, ಫಾಸ್ಫೇಟ್ ಕೂಡ ಅಷ್ಟೇ ಬೇಕು. ಅದನ್ನು ಕರಗಿಸಲು ಸಿಗುವ ದ್ರವ 100 ಮಿ.ಲೀ. ಆಸುಪಾಸು. 2.5 ಮಿಲಿಮೋಲ್ ಎಂದಿಟ್ಟುಕೊಂಡರೂ ಲೀಟರಿಗೆ 25 ಆಯಿತು. ದೊಡ್ಡವರ ಬ್ಯಾಗಿಗಿಂತ ಆರೇಳು ಪಟ್ಟು ದಟ್ಟ. ಈಗ ನಿಮ್ಮ ಕೈಯಲ್ಲಿದ್ದ ಆಂಪೂಲ್ ನೋಡಿ. 10 ಪ್ರತಿಶತದ ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ. ಎಂದರೆ ಸುಮಾರು 2.3 ಮಿಲಿಮೋಲ್. ತುಂಬಿದ ಬ್ಯಾಗಿಗೆ ಹಾಕಿದರೂ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಮ್ಮಡಿ. ರಾತ್ರಿಯ ಹೊತ್ತಿಗೆ ಅರ್ಧ ಬ್ಯಾಗು ಖಾಲಿಯಾಗಿರುತ್ತದೆ, ಉಳಿದ ಅರ್ಧಕ್ಕೆ ಹಾಕಿದರೆ ಇಮ್ಮಡಿಯನ್ನೂ ಮೀರುತ್ತದೆ. ಅಲ್ಲದೆ ಸೂಜಿ ಚುಚ್ಚಿದ ಜಾಗದಲ್ಲಿ, ಬೆರೆಯುವ ಮೊದಲು, ಕ್ಯಾಲ್ಸಿಯಂ ಇನ್ನೂ ಎಷ್ಟೋ ಪಟ್ಟು ದಟ್ಟವಾಗಿರುತ್ತದೆ. ನಾವು ತಯಾರಿಸುವಾಗ ಫಾಸ್ಫೇಟನ್ನು ಮೊದಲು ಹಾಕಿ, ಉಳಿದದ್ದೆಲ್ಲ ಸೇರಿ ದ್ರವ ಹಿಗ್ಗಿದ ಮೇಲೆ, ಕೊನೆಕೊನೆಗೆ ಕ್ಯಾಲ್ಸಿಯಂ ಹಾಕುವುದು, ಪ್ರತಿ ಹಂತದಲ್ಲೂ ಬ್ಯಾಗನ್ನು ತಿರುಗಿಸಿ ಬೆರೆಸುವುದು ಇದೇ ಕಾರಣಕ್ಕೆ.

ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದಾದರೆ ಏನಾಗುತ್ತದೆ ಎಂಬುದು ಆಮ್ಲೀಯತೆಯ ಮೇಲೆ ನಿಂತಿದೆ. ಫಾಸ್ಫೇಟಿಗೆ ಇಲ್ಲಿ ಎರಡು ರೂಪ. ಎರಡು ಹೈಡ್ರೋಜನ್ ಇರುವ ರೂಪ ಕ್ಯಾಲ್ಸಿಯಂ ಜೊತೆ ಸೇರಿದರೂ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಒಂದೇ ಹೈಡ್ರೋಜನ್ ಇರುವ ರೂಪ ಕರಗುವುದು ಅದರ ಸುಮಾರು ಅರುವತ್ತನೇ ಒಂದು ಪಾಲು ಮಾತ್ರ. ದ್ರವ ಆಮ್ಲೀಯವಾಗಿದ್ದರೆ ಮೊದಲನೆಯದು ಹೆಚ್ಚು, ಪಿಎಚ್ ಏರಿದಂತೆ, ಅಂದರೆ ಆಮ್ಲೀಯತೆ ತಗ್ಗಿದಂತೆ, ಎರಡನೆಯದು ಹೆಚ್ಚು. ಅಮೈನೋ ಆಮ್ಲದ ದ್ರಾವಣ ಬ್ಯಾಗಿನ ಪಿಎಚ್ ಅನ್ನು ತಗ್ಗಿಸಿ ಹಿಡಿದಿಡುತ್ತದೆ, ಡೆಕ್ಸ್‌ಟ್ರೋಸ್ ಕೂಡ ತುಸು ಆಮ್ಲೀಯ. ಹಾಗಾಗಿ ಪ್ರೋಟೀನ್ (ಅಂದರೆ ಅಮೈನೋ ಆಮ್ಲ) ಕಡಿಮೆ ಮಾಡಿ ಬರೆದ ಆರ್ಡರ್ ಬಂದರೆ ನಾವು ಕ್ಯಾಲ್ಸಿಯಂ ಕಡೆಗೆ ಇನ್ನೊಮ್ಮೆ ಕಣ್ಣು ಹಾಯಿಸುತ್ತೇವೆ.

ಇನ್ನು ಉಷ್ಣತೆ. ಬಿಸಿಯಾದರೆ ಹೆಚ್ಚು ಕರಗುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಉಲ್ಟಾ. ಬೆಚ್ಚಗಾದಷ್ಟೂ ಗ್ಲುಕೋನೇಟಿನ ಹಿಡಿತದಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುತ್ತದೆ, ಕರಗದ ರೂಪದ ಫಾಸ್ಫೇಟ್ ಹೆಚ್ಚುತ್ತದೆ, ಹರಳು ಕಟ್ಟುವುದು ಸುಲಭವಾಗುತ್ತದೆ. ಕಾಲವೂ ಲೆಕ್ಕಕ್ಕೆ ಬರುತ್ತದೆ. ಬೆರೆಸಿದ ಕ್ಷಣದಲ್ಲಿ ತಿಳಿಯಾಗಿದ್ದ ದ್ರವದಲ್ಲಿ ಎಷ್ಟೋ ಗಂಟೆಗಳ ಮೇಲೆ ಹರಳು ಕಾಣಿಸಿಕೊಳ್ಳಬಹುದು.

ಈಗ ನಿಮ್ಮ ಫಿಲ್ಟರ್ ಕಡೆ ಬರೋಣ. ಅದು ಇನ್‌ಕ್ಯುಬೇಟರಿನ ಒಳಗಿತ್ತೋ ಹೊರಗಿತ್ತೋ ನೀವು ಬರೆದಿಲ್ಲ. ಒಳಗಿದ್ದರೆ ಚಿತ್ರ ಹೀಗೆ ಮೂಡುತ್ತದೆ: ಬ್ಯಾಗು ಹೊರಗೆ, ಎಸಿ ಕೋಣೆಯ ತಂಪಿನಲ್ಲಿ ತೂಗುತ್ತಿದೆ. ಗಂಟೆಗೆ ನಾಲ್ಕು ಮಿ.ಲೀ. ವೇಗದಲ್ಲಿ ದ್ರವ ಸಣ್ಣ ನಳಿಕೆಯಲ್ಲಿ ಇಳಿಯುತ್ತಿದೆ. ನಳಿಕೆಯ ಕೊನೆಯ ಒಂದಡಿ ಇನ್‌ಕ್ಯುಬೇಟರಿನೊಳಗೆ 34, 35 ಡಿಗ್ರಿ ಬಿಸಿಯಲ್ಲಿ ಮಲಗಿದೆ. ಕರಗುವ ಮಿತಿಯ ಅಂಚಿನಲ್ಲಿದ್ದ ಬ್ಯಾಗೊಂದು ತಾನು ತಿಳಿಯಾಗಿಯೇ ಇದ್ದು, ಆ ಒಂದಡಿಯೊಳಗೆ ಹರಳು ಕಟ್ಟಬಹುದು. ಫಿಲ್ಟರಿನ ಪೊರೆ ಅದನ್ನು ತಡೆಯಿತು, ಒತ್ತಡ ಏರಿತು, ಪಂಪು ಕೂಗಿತು. ಹಾಗಾಗಿದ್ದರೆ ಫಿಲ್ಟರ್ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡಿತ್ತು.

ಫಿಲ್ಟರ್ ಇಲ್ಲದಿದ್ದರೆ ಆ ಹರಳು ಹೋಗಿ ಸೇರುವುದು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಿಗೆ. ಇದು ಪುಸ್ತಕದ ಭಯವಲ್ಲ. 1994ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಟಿಪಿಎನ್ ಪಡೆಯುತ್ತಿದ್ದ ಇಬ್ಬರು ಸತ್ತಿದ್ದರು, ಕನಿಷ್ಠ ಇನ್ನಿಬ್ಬರಿಗೆ ಉಸಿರಾಟದ ತೀವ್ರ ತೊಂದರೆಯಾಗಿತ್ತು. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶದ ತುಂಬ ಕ್ಯಾಲ್ಸಿಯಂ ಫಾಸ್ಫೇಟ್ ಹರಳು. ಅವರಿಗೆ ಕೊಟ್ಟದ್ದು ಲಿಪಿಡ್ ಕೂಡಿದ ಬಿಳಿ ಮಿಶ್ರಣ, ಒಳಗೆ ಹರಳಿದ್ದರೂ ಯಾರ ಕಣ್ಣಿಗೂ ಕಾಣುವಂತಿರಲಿಲ್ಲ. ಟಿಪಿಎನ್ ಲೈನಿಗೆ ಫಿಲ್ಟರ್ ಹಾಕುವ ಪದ್ಧತಿ ಗಟ್ಟಿಯಾದದ್ದು ಆ ಎಚ್ಚರಿಕೆಯ ನಂತರ.

ಫಿಲ್ಟರ್ ಬ್ಲಾಕ್ ಆಗಲು ಹರಳೊಂದೇ ಕಾರಣವಲ್ಲ ಎಂಬುದನ್ನೂ ಹೇಳಬೇಕು. ಗಾಳಿ ಸಿಕ್ಕಿಕೊಂಡಿರಬಹುದು. 0.2 ಮೈಕ್ರಾನ್ ರಂಧ್ರದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಫಿಲ್ಟರಿನ ಮೂಲಕ ಲಿಪಿಡ್ ಹಾಯಿಸಿರಬಹುದು: ಲಿಪಿಡ್ ಇರುವುದಕ್ಕೆ 1.2 ಮೈಕ್ರಾನ್ ಬೇಕು, 0.2 ನೀರಿನಂಶದ ಬ್ಯಾಗಿಗೆ ಮಾತ್ರ. ಇಲ್ಲವೇ ಅದೇ ಲೈನಿನಲ್ಲಿ ಯಾರೋ ಬೇರೆ ಔಷಧ ಕೊಟ್ಟಿರಬಹುದು. ನನ್ನ ಅನುಭವದಲ್ಲಿ ಈ ಕೊನೆಯದನ್ನು ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ. ಸೋಡಿಯಂ ಬೈಕಾರ್ಬೊನೇಟ್ ಕೊಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಆಮ್ಲೀಯ ದ್ರವದಲ್ಲಿ ತಾನೇ ಬಿಳಿ ಪುಡಿಯಾಗಿ ಕೂರುತ್ತದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಕ್ಯಾಲ್ಸಿಯಂ ಜೊತೆ ಸೇರಿ ನವಜಾತ ಶಿಶುಗಳ ಸಾವಿಗೇ ಕಾರಣವಾಗಿದೆ. ಕ್ಯಾಲ್ಸಿಯಂ ಇರುವ ದ್ರವ ಪಡೆಯುತ್ತಿರುವ ನವಜಾತ ಶಿಶುವಿಗೆ ಅದನ್ನು ಕೊಡಲೇಬಾರದು, ಬೇರೆ ಲೈನ್ ಇದ್ದರೂ ಸಹ.

ಹಾಗಾದರೆ ಫಿಲ್ಟರ್ ಬ್ಲಾಕ್ ಆದಾಗ ಮಾಡಬೇಕಾದದ್ದೇನು? ಪಂಪು ನಿಲ್ಲಿಸಿ. ಬಲವಾಗಿ ಫ್ಲಷ್ ಮಾಡಲು ಹೋಗಬೇಡಿ, ಪೊರೆ ಹರಿದರೆ ತಡೆದಿದ್ದದ್ದೆಲ್ಲ ಒಟ್ಟಿಗೆ ಒಳಹೋಗುತ್ತದೆ. ಕ್ಲಿಪ್ಪು ಮುಚ್ಚಿದೆಯೇ, ನಳಿಕೆ ಮಡಿಸಿಕೊಂಡಿದೆಯೇ, ಗಾಳಿ ಸಿಕ್ಕಿದೆಯೇ ನೋಡಿ. ಅದಾವುದೂ ಅಲ್ಲವೆಂದಾದರೆ ಬ್ಯಾಗು, ನಳಿಕೆ, ಫಿಲ್ಟರ್ ಮೂರನ್ನೂ ಬದಲಿಸಬೇಕು, ಬರೀ ಫಿಲ್ಟರನ್ನಲ್ಲ. ಹಳೆಯದನ್ನು ಕಸಕ್ಕೆ ಹಾಕದೆ ಫಾರ್ಮಸಿಗೆ ಕಳಿಸಿ. ಆ ಲೈನಿನಲ್ಲಿ ಹಿಂದಿನ ಕೆಲವು ಗಂಟೆಗಳಲ್ಲಿ ಕೊಟ್ಟ ಔಷಧಗಳನ್ನೂ ಬರೆದು ಕಳಿಸಿದರೆ ಕಾರಣ ಹುಡುಕುವುದು ಎಷ್ಟೋ ಸುಲಭ. ಹೊಸ ಬ್ಯಾಗು ಬರುವವರೆಗೆ ಮಗುವನ್ನು ಗ್ಲುಕೋಸ್ ಇಲ್ಲದೆ ಬಿಡುವಂತಿಲ್ಲ. ಅಷ್ಟು ಚಿಕ್ಕ ಮಗುವಿನಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಡಾಕ್ಟರಿಗೆ ಹೇಳಿ, ಸಾಮಾನ್ಯವಾಗಿ 10 ಪ್ರತಿಶತ ಡೆಕ್ಸ್‌ಟ್ರೋಸನ್ನು ಅದೇ ವೇಗದಲ್ಲಿ ಹಾಕಿಸಿ ರಕ್ತದ ಸಕ್ಕರೆ ನೋಡುತ್ತಿರುತ್ತಾರೆ. ಕೆಲವು ಗಂಟೆ ಪ್ರೋಟೀನ್ ತಪ್ಪಿದರೆ ನಷ್ಟ ಅಲ್ಪ, ಹರಳು ಒಳಹೋದರೆ ಹಾಗಲ್ಲ. ಜೊತೆಯವರ ಸಲಹೆಯ ಹಿಂದೆ 'ಮಗು ಉಪವಾಸ ಬೀಳಬಾರದು' ಎಂಬ ಕಾಳಜಿ ಇತ್ತು ಎಂದುಕೊಳ್ಳುತ್ತೇನೆ. ಆ ಕಾಳಜಿಗೆ ಉತ್ತರ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿದೆ.

ಸರಿ, ಬ್ಯಾಗಿಗೆ ಹಾಕುವಂತಿಲ್ಲ, ಕ್ಯಾಲ್ಸಿಯಂ ಕಡಿಮೆ ಇರುವುದೂ ನಿಜ. ಆಗ ದಾರಿಗಳು ಯಾವುವು? ಮಗುವಿಗೆ ಫಿಟ್ಸ್ ಅಥವಾ ಹೃದಯ ಬಡಿತದ ಏರುಪೇರು ಇದ್ದರೆ ಅದು ತುರ್ತು, ಅದಕ್ಕೆ ಟಿಪಿಎನ್ ಕಾಯುವುದಿಲ್ಲ. ಬೇರೆ ಲೈನಿನಲ್ಲಿ, ಮಾನಿಟರ್ ನೋಡುತ್ತ, ನಿಧಾನವಾಗಿ ಕ್ಯಾಲ್ಸಿಯಂ ಕೊಡುತ್ತಾರೆ. ಅದರ ಅಪಾಯ ನಿಮಗೆ ಗೊತ್ತಿರುವುದೇ: ಕೈಕಾಲಿನ ಸಣ್ಣ ರಕ್ತನಾಳದಲ್ಲಿ ಕೊಟ್ಟು ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗಿ ಕೊಳೆಯುತ್ತದೆ. ಟಿಪಿಎನ್ ಓಡುತ್ತಿರುವ ಲೈನಿಗೇ ವೈ-ಕನೆಕ್ಟರಿನಿಂದ ಕೊಡುವುದು ಬ್ಯಾಗಿಗೆ ಚುಚ್ಚಿದಷ್ಟೇ ಕೆಟ್ಟದ್ದು, ಅಲ್ಲೂ ಫಾಸ್ಫೇಟ್ ಕಾದು ಕೂತಿರುತ್ತದೆ. ಯಾವ ಲಕ್ಷಣವೂ ಇಲ್ಲದೆ ಬರೀ ಸಂಖ್ಯೆ ಕಡಿಮೆ ಬಂದಿದ್ದರೆ ನಾನು ಮೊದಲು ಕೇಳುವುದು ಒಟ್ಟು ಕ್ಯಾಲ್ಸಿಯಮ್ಮೋ, ಅಯಾನಿಕ್ ಕ್ಯಾಲ್ಸಿಯಮ್ಮೋ (ರಕ್ತದಲ್ಲಿ ಯಾವುದಕ್ಕೂ ಅಂಟದೆ ಬಿಡಿಯಾಗಿರುವುದು) ಎಂದು. ಮಗು ಹುಟ್ಟಿ ಎಷ್ಟು ಗಂಟೆಯಾಯಿತು ಎಂದೂ ಕೇಳುತ್ತೇನೆ, ಏಕೆಂದರೆ ಮೊದಲ ಒಂದೆರಡು ದಿನ ಎಲ್ಲ ಮಕ್ಕಳಲ್ಲೂ ಅದು ಸ್ವಲ್ಪ ಇಳಿದು ತಾನೇ ಏರುತ್ತದೆ. ಮೆಗ್ನೀಸಿಯಂ, ಫಾಸ್ಫೇಟ್ ಎಷ್ಟಿದೆ ನೋಡಿ ಮುಂದಿನ ಬ್ಯಾಗಿನಲ್ಲಿ ಸರಿಪಡಿಸುವುದು ಬಹುತೇಕ ಸಂದರ್ಭಗಳಲ್ಲಿ ಸಾಕಾಗುತ್ತದೆ.

ಮುಂದಿನ ಬ್ಯಾಗಿನಲ್ಲಾದರೂ ಹೇಗೆ ಹೆಚ್ಚು ಹಿಡಿಸುತ್ತೀರಿ ಎಂದು ಕೇಳಬಹುದು. ಒಳ್ಳೆಯ ದಾರಿ ಸೋಡಿಯಂ ಗ್ಲಿಸರೋಫಾಸ್ಫೇಟ್. ಇದರಲ್ಲಿ ಫಾಸ್ಫೇಟ್ ಸಾವಯವ ಅಣುವಿಗೆ ಅಂಟಿಕೊಂಡಿರುವುದರಿಂದ ಬ್ಯಾಗಿನೊಳಗೆ ಕ್ಯಾಲ್ಸಿಯಮ್ಮಿಗೆ ಸಿಗುವುದೇ ಇಲ್ಲ, ದೇಹದೊಳಗೆ ಹೋದ ಮೇಲೆ ಬಿಡುಗಡೆಯಾಗುತ್ತದೆ. ಇದು ಬಂದ ಮೇಲೆ ನಮ್ಮ ಅರ್ಧ ತಲೆನೋವು ಹೋಯಿತು. ಆದರೆ ಒಂದು ಮಿಲಿಮೋಲ್ ಫಾಸ್ಫೇಟಿಗೆ ಎರಡು ಮಿಲಿಮೋಲ್ ಸೋಡಿಯಂ ಜೊತೆಗೇ ಬರುತ್ತದೆ. ಮೊದಲ ದಿನಗಳಲ್ಲಿ ಸೋಡಿಯಂ ಬೇಡದ ಮಗುವಿಗೆ ಇದು ತೊಡಕು. ಸಿಸ್ಟೀನ್ ಎಂಬ ಅಮೈನೋ ಆಮ್ಲ ಸೇರಿಸಿ ಪಿಎಚ್ ಇಳಿಸುವುದು ಇನ್ನೊಂದು ದಾರಿ, ಅದರಿಂದ ರಕ್ತದಲ್ಲಿ ಆಮ್ಲ ಹೆಚ್ಚುವ ಸಾಧ್ಯತೆ ಇದೆ. ಫಾಸ್ಫೇಟ್ ಕಡಿಮೆ ಮಾಡಿ ಕ್ಯಾಲ್ಸಿಯಮ್ಮಿಗೆ ಜಾಗ ಬಿಡುವುದು ನನಗೆ ಒಪ್ಪಿಗೆಯಾಗದ ದಾರಿ. ಮೊದಲ ದಿನದಿಂದಲೇ ಚೆನ್ನಾಗಿ ಅಮೈನೋ ಆಮ್ಲ ಪಡೆದ ಮಗು ಜೀವಕೋಶ ಕಟ್ಟಲು ಫಾಸ್ಫೇಟನ್ನು ಭರದಿಂದ ಎಳೆದುಕೊಳ್ಳುತ್ತದೆ. ಅದು ಸಿಗದಿದ್ದರೆ ಮೂಳೆಯಿಂದ ತೆಗೆಯುತ್ತದೆ, ಆಗ ಮೂಳೆಯ ಕ್ಯಾಲ್ಸಿಯಮ್ಮೂ ರಕ್ತಕ್ಕೆ ಬಂದು ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಎಂದು ತೋರುತ್ತದೆ. ಆದ್ದರಿಂದಲೇ ಮೊದಲ ದಿನಗಳಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿಗಿಂತ ತುಸು ಕಡಿಮೆಯೇ ಇರಲಿ, ಮೋಲ್ ಲೆಕ್ಕದಲ್ಲಿ 0.8ರಿಂದ 1ರಷ್ಟು, ಎಂಬುದು ಯುರೋಪಿನ ಮಕ್ಕಳ ಪೋಷಣಾ ತಜ್ಞರ 2018ರ ಮಾರ್ಗಸೂಚಿ.

ಇಷ್ಟು ಹೇಳಿದ ಮೇಲೆ ಎರಡು ಪಾತ್ರೆ ಏಕೆ ಎಂಬುದು ಅರ್ಧ ತಿಳಿದಂತೆಯೇ. ಲಿಪಿಡ್ ಎಮಲ್ಷನ್ ಎಂದರೆ ಎಣ್ಣೆಯ ಅತಿ ಸಣ್ಣ ಹನಿಗಳು, ಸರಾಸರಿ ಅರ್ಧ ಮೈಕ್ರಾನಿಗಿಂತ ಚಿಕ್ಕವು, ನೀರಿನಲ್ಲಿ ತೇಲುತ್ತಿರುವುದು. ಪ್ರತಿ ಹನಿಯ ಸುತ್ತ ಮೊಟ್ಟೆಯ ಹಳದಿಯಿಂದ ತೆಗೆದ ಫಾಸ್ಫೋಲಿಪಿಡ್ ಪೊರೆ, ಅದರ ಮೇಲೆ ಋಣ ವಿದ್ಯುದಂಶ. ಎಲ್ಲ ಹನಿಗಳಿಗೂ ಒಂದೇ ಅಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಧನ ಅಂಶ ಆ ತಳ್ಳಾಟವನ್ನು ಕುಗ್ಗಿಸುತ್ತದೆ, ಆಮ್ಲವೂ ಅಷ್ಟೇ. ಕಬ್ಬಿಣ ಇನ್ನೂ ಕೆಟ್ಟದ್ದು, ಅದಕ್ಕೇ ಲಿಪಿಡ್ ಇರುವ ಬ್ಯಾಗಿಗೆ ಕಬ್ಬಿಣ ಸೇರಿಸುವುದಿಲ್ಲ. ತಯಾರಿಸುವಾಗ ಡೆಕ್ಸ್‌ಟ್ರೋಸನ್ನು ನೇರವಾಗಿ ಲಿಪಿಡ್ ಮೇಲೆ ಸುರಿಯದೆ ಮೊದಲು ಅಮೈನೋ ಆಮ್ಲದ ಜೊತೆ ಬೆರೆಸುವುದೂ ಇದೇ ಕಾರಣಕ್ಕೆ.

ದೊಡ್ಡವರ ಬ್ಯಾಗಿನಲ್ಲಿ ಎಲ್ಲವೂ ಒಂದು ಹದದಲ್ಲಿ ಕೂಡಿಕೊಳ್ಳುತ್ತವೆ. ಬೆರೆತ ಮೇಲೆ ಅಮೈನೋ ಆಮ್ಲ 4 ಪ್ರತಿಶತಕ್ಕೆ, ಡೆಕ್ಸ್‌ಟ್ರೋಸ್ 10ಕ್ಕೆ, ಲಿಪಿಡ್ 2ಕ್ಕೆ ಕಡಿಮೆಯಾಗದಂತೆ ನೋಡಿಕೊಂಡರೆ ಮಿಶ್ರಣ ಸಾಮಾನ್ಯವಾಗಿ ನಿಲ್ಲುತ್ತದೆ ಎಂಬುದು ನಾವು ಇಟ್ಟುಕೊಳ್ಳುವ ಕನಿಷ್ಠ ಮಿತಿ. ಶಿಶುವಿನ ಬ್ಯಾಗಿನಲ್ಲಿ ಅಮೈನೋ ಆಮ್ಲ ಎಷ್ಟೋ ಸಲ ಆ ಮಿತಿಗಿಂತ ಕೆಳಗೆ, ಕ್ಯಾಲ್ಸಿಯಂ ಆರೇಳು ಪಟ್ಟು ಮೇಲೆ. ಮೇಲಾಗಿ ಲಿಪಿಡ್ ಬೆರೆತರೆ ಪಿಎಚ್ ಏರುತ್ತದೆ, ಹರಳು ಬಿದ್ದರೂ ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ. ಬೇರೆಬೇರೆ ಇಟ್ಟು, ನೀರಿನಂಶದ ಬ್ಯಾಗನ್ನು 0.2 ಫಿಲ್ಟರಿನಲ್ಲಿ ಸೋಸಿ, ಮಗುವಿನ ಹತ್ತಿರ ಮಾತ್ರ ಎರಡನ್ನೂ ಕೂಡಿಸಿದರೆ ಅವು ಒಟ್ಟಿಗಿರುವುದು ಕೆಲವೇ ನಿಮಿಷ. ಹಾಗೆಂದು ಶಿಶುಗಳಿಗೆ ಎಲ್ಲ ಸೇರಿದ ಬ್ಯಾಗು ಕೊಡಲೇಬಾರದು ಎಂಬುದೂ ಸುಳ್ಳು. ಅವಧಿಪೂರ್ವ ಶಿಶುಗಳಿಗೆಂದೇ ಕಾರ್ಖಾನೆಯಲ್ಲಿ ತಯಾರಾಗುವ ಮೂರು ಕೋಣೆಯ ಬ್ಯಾಗುಗಳಿವೆ: ಗ್ಲುಕೋಸ್, ಅಮೈನೋ ಆಮ್ಲ, ಲಿಪಿಡ್ ಬೇರೆಬೇರೆ ಕೋಣೆಯಲ್ಲಿ, ಹಾಕುವ ಮುನ್ನ ನಡುವಿನ ಸೀಲ್ ಒಡೆದು ಬೆರೆಸುವಂಥವು. ಅವುಗಳ ಸ್ಥಿರತೆಯನ್ನು ಪರೀಕ್ಷಿಸಿಯೇ ಮಾರುತ್ತಾರೆ, ಫಾಸ್ಫೇಟ್ ಅಲ್ಲಿ ಸಾವಯವ ರೂಪದ್ದು. ಹೆಚ್ಚಿನ ಮಕ್ಕಳಿಗೆ ಇಂಥ ಸಿದ್ಧ ಸೂತ್ರವೇ ಸಾಕು ಎಂದೂ ಆ 2018ರ ಮಾರ್ಗಸೂಚಿ ಹೇಳುತ್ತದೆ. ಒಂದೊಂದು ಮಗುವಿಗೂ ದಿನಕ್ಕೊಂದು ಹೊಸ ಸೂತ್ರ ಬರೆಯುವ ಹುಮ್ಮಸ್ಸು ಕಂಡಾಗ ನನಗೆ ಖುಷಿಗಿಂತ ಆತಂಕವೇ ಜಾಸ್ತಿ, ಲೆಕ್ಕ ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಹೆಚ್ಚು.

ಒಳಗಿರುವ ಪದಾರ್ಥವೂ ಒಂದೇ ಅಲ್ಲ. ಶಿಶುಗಳ ಅಮೈನೋ ಆಮ್ಲ ದ್ರಾವಣದಲ್ಲಿ ಟೌರಿನ್, ಟೈರೊಸಿನ್ ಹೆಚ್ಚು, ಮೆಥಿಯೋನಿನ್, ಫಿನೈಲ್‌ಅಲನಿನ್, ಗ್ಲೈಸಿನ್ ಕಡಿಮೆ, ಏಕೆಂದರೆ ಒಂದರಿಂದ ಇನ್ನೊಂದನ್ನು ತಯಾರಿಸಿಕೊಳ್ಳುವ ಕಿಣ್ವಗಳು ಆ ಯಕೃತ್ತಿನಲ್ಲಿ ಇನ್ನೂ ಬೆಳೆದಿರುವುದಿಲ್ಲ. ಸಿಸ್ಟೀನ್ ದ್ರಾವಣದಲ್ಲಿ ಬಹಳ ದಿನ ಉಳಿಯುವುದಿಲ್ಲವಾದ್ದರಿಂದ ಕೆಲವು ಕಡೆ ಅದನ್ನು ಬೇರೆಯಾಗಿ ಸೇರಿಸುತ್ತೇವೆ. ಇನ್ನೊಂದು ಸಣ್ಣ ವಿಷಯ: ಗಾಜಿನ ಆಂಪೂಲಿನ ಕ್ಯಾಲ್ಸಿಯಂ ಗ್ಲುಕೋನೇಟಿಗೆ ಗಾಜಿನಿಂದ ಅಲ್ಯೂಮಿನಿಯಂ ಬಿಟ್ಟುಕೊಳ್ಳುತ್ತದೆ. ಎಫ್‌ಡಿಎ ಸುರಕ್ಷಿತ ಎಂದು ಇಟ್ಟಿರುವ ಮಿತಿ ಕೆಜಿಗೆ ದಿನಕ್ಕೆ 5 ಮೈಕ್ರೋಗ್ರಾಂ ಮಾತ್ರ. ಮೂತ್ರಪಿಂಡ ಬಲಿಯದ ಮಗುವಿನಲ್ಲಿ ಅದು ಮಿದುಳು, ಮೂಳೆಗಳಲ್ಲಿ ಶೇಖರವಾಗುತ್ತದೆ. ಶಿಶುಗಳ ಬ್ಯಾಗಿಗೆ ಪ್ಲಾಸ್ಟಿಕ್ ವಯಲ್ಲಿನ ಕ್ಯಾಲ್ಸಿಯಮ್ಮನ್ನೇ ಆರಿಸುವುದು ಇದಕ್ಕೇ.

ದೊಡ್ಡವರ ಬ್ಯಾಗಿನ ಬಿಳಿ ಪದರಕ್ಕೆ ಬರುತ್ತೇನೆ. ಎಣ್ಣೆಯ ಹನಿಗಳು ಹಗುರವಾದ್ದರಿಂದ ಮೇಲೇರಿ ಒಂದೆಡೆ ಸೇರುತ್ತವೆ, ಆದರೆ ಒಂದರೊಳಗೊಂದು ಬೆರೆತಿರುವುದಿಲ್ಲ. ಹಾಲಿನ ಮೇಲೆ ಕೆನೆ ಕಟ್ಟುವುದಕ್ಕೂ ಹಾಲು ಒಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿದೆ. ಬರೀ ಕೆನೆಯಾದರೆ ಬ್ಯಾಗನ್ನು ಮೃದುವಾಗಿ ನಾಲ್ಕೈದು ಸಲ ತಲೆಕೆಳಗು ಮಾಡಿದಾಗ ಪೂರ್ತಿ ಬೆರೆತುಹೋಗುತ್ತದೆ, ಅದನ್ನು ಹಾಕಬಹುದು. ಅಂದರೆ ನೀವು ಮಾಡುತ್ತಿದ್ದದ್ದು ಬಹುಮಟ್ಟಿಗೆ ಸರಿ, ಕುಲುಕುವ ಬದಲು ತಿರುಗಿಸಿದ್ದರೆ ಸಾಕಿತ್ತು. ಆದರೆ ತಿರುಗಿಸಿದ ಮೇಲೂ ಬ್ಯಾಗಿನ ಗೋಡೆಗೆ ಹಳದಿ ಛಾಯೆಯ ಎಣ್ಣೆಗೆರೆ ಅಂಟಿದ್ದರೆ, ಮೇಲೆ ಎಣ್ಣೆಯ ಕಣ್ಣುಗಳು ತೇಲಿದರೆ ಎಮಲ್ಷನ್ ಒಡೆದಿದೆ. ಎಷ್ಟು ಬೆರೆಸಿದರೂ ಅದು ಮೊದಲಿನಂತಾಗುವುದಿಲ್ಲ, ವಾಪಸ್ ಕಳಿಸಿ.

ತೊಂದರೆಯೆಂದರೆ ಈ ಎರಡರ ನಡುವೆ ಕಣ್ಣಿಗೆ ಬೀಳದ ಒಂದು ಹಂತವಿದೆ. ಹನಿಗಳು ಒಂದರಲ್ಲೊಂದು ಸೇರಿ 5 ಮೈಕ್ರಾನ್ ದಾಟತೊಡಗುತ್ತವೆ. ಶ್ವಾಸಕೋಶದ ಅತಿ ಸಣ್ಣ ರಕ್ತನಾಳಕ್ಕೆ ಅಷ್ಟು ದೊಡ್ಡ ಹನಿ ಅಪಾಯ. ಅಮೆರಿಕದ ಔಷಧಕೋಶ ಒಟ್ಟು ಕೊಬ್ಬಿನಲ್ಲಿ ಅಂಥ ಹನಿಗಳ ಪಾಲು 0.05 ಪ್ರತಿಶತ ಮೀರಬಾರದು ಎನ್ನುತ್ತದೆ. ಆ ಮಿತಿ ಮೀರಿದ ಬ್ಯಾಗೂ ನೋಡಲು ಅಚ್ಚ ಬಿಳಿಯಾಗಿಯೇ ಇರುತ್ತದೆ. ಹಾಗಾಗಿ 'ಅವಧಿ ಮುಗಿದು ಕೆಲವೇ ಗಂಟೆ ಆಗಿದೆ, ನೋಡಲು ಚೆನ್ನಾಗಿಯೇ ಇದೆ' ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಲೇಬಲ್ಲಿನ ಮೇಲೆ ಬರೆದ ಸಮಯ ಕಣ್ಣಿಗೆ ಕಾಣದ್ದನ್ನು ಅಳೆದವರು ಬರೆದದ್ದು. ನೇತುಹಾಕಿದ ಬ್ಯಾಗು 24 ಗಂಟೆ ದಾಟಬಾರದು. ಸಿರಿಂಜಿಗೆ ತುಂಬಿದ ಲಿಪಿಡ್ಡಿಗೆ 12 ಗಂಟೆಯ ಮಿತಿ ಇಡುವುದು ವಾಡಿಕೆ, ಏಕೆಂದರೆ ಬರೀ ಲಿಪಿಡ್ಡಿನಲ್ಲಿ ಸೂಕ್ಷ್ಮಾಣುಗಳು ಬಹುಬೇಗ ಬೆಳೆಯುತ್ತವೆ.

ದೊಡ್ಡವರ ವಾರ್ಡಿನವರು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಕಾರ್ಖಾನೆಯ ಮೂರು ಕೋಣೆಯ ಬ್ಯಾಗಿನಲ್ಲಿ 'ಎಲ್ಲವೂ ಇದೆ' ಎಂದು ಬಹಳ ಮಂದಿ ನಂಬಿದ್ದಾರೆ. ಸಾಮಾನ್ಯವಾಗಿ ಅದರಲ್ಲಿ ವಿಟಮಿನ್ ಇರುವುದಿಲ್ಲ. ವಿಟಮಿನ್ ಸಿ ಆಮ್ಲಜನಕದ ಜೊತೆ, ತಾಮ್ರವಿದ್ದರೆ ಇನ್ನೂ ಬೇಗ, ನಾಶವಾಗುತ್ತದೆ. ವಿಟಮಿನ್ ಎ ಬೆಳಕಿಗೆ ಕರಗಿಹೋಗುತ್ತದೆ, ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಆದ್ದರಿಂದ ಕೊಡುವ ದಿನ ಸೇರಿಸಬೇಕು, ಅದೂ ಫಾರ್ಮಸಿಯಲ್ಲಿ. ಮರೆತರೆ ಮೊದಲು ಪೆಟ್ಟು ಬೀಳುವುದು ಥಯಾಮಿನ್ ಅಂದರೆ ಬಿ1ರ ಕೊರತೆಯಿಂದ. ಗ್ಲುಕೋಸ್ ಸುರಿಯುತ್ತಿದೆ, ಅದನ್ನು ಉರಿಸಲು ಬೇಕಾದ ವಿಟಮಿನ್ ಇಲ್ಲ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. 1997ರಲ್ಲಿ ಅಮೆರಿಕದಲ್ಲಿ ವಿಟಮಿನ್ ಇಂಜೆಕ್ಷನ್ನಿನ ಅಭಾವವಾದಾಗ ಟಿಪಿಎನ್ ರೋಗಿಗಳಲ್ಲಿ ಇದೇ ಆಯಿತು. ಇನ್ನು ಕೋಣೆಗಳ ನಡುವಿನ ಸೀಲ್ ಒಡೆಯದೆ ಹಾಕಿಬಿಡುವುದು. ಒಂದೇ ಕೋಣೆಯ ದ್ರವ ಇಳಿದು, ಉಳಿದ ಎರಡು ಹಾಗೇ ತುಂಬಿಕೊಂಡಿರುವ ಬ್ಯಾಗು ವಾಪಸ್ ಬಂದದ್ದನ್ನು ಕಂಡಿದ್ದೇನೆ. ಗ್ಲುಕೋಸ್, ಅಮೈನೋ ಆಮ್ಲಗಳನ್ನು ಕಾರ್ಖಾನೆಯಲ್ಲೇ ಏಕೆ ಬೆರೆಸಿಡುವುದಿಲ್ಲ ಎಂದರೆ, ಬಿಸಿಯಲ್ಲಿ ಶುದ್ಧೀಕರಿಸುವಾಗ ಅವೆರಡೂ ಒಂದಕ್ಕೊಂದು ಅಂಟಿ ಕಂದು ಬಣ್ಣಕ್ಕೆ ತಿರುಗುತ್ತವೆ.

ಬಣ್ಣದ ಕವರು ಶಾಸ್ತ್ರಕ್ಕಲ್ಲ. ಬೆಳಕು, ವಿಟಮಿನ್, ಲಿಪಿಡ್, ಆಮ್ಲಜನಕ ಒಟ್ಟಾದಾಗ ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ದೊಡ್ಡವರ ದೇಹ ಅವನ್ನು ತಕ್ಕಮಟ್ಟಿಗೆ ನಿಭಾಯಿಸುತ್ತದೆ, ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಆ ಶಕ್ತಿ ಕಡಿಮೆ. 2019ರಲ್ಲಿ ಯುರೋಪಿನ ಔಷಧ ಸಂಸ್ಥೆ ನವಜಾತ ಶಿಶುಗಳು ಮತ್ತು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡುವ ಇಂಥ ದ್ರವವನ್ನು ಕೊಟ್ಟು ಮುಗಿಯುವವರೆಗೂ ಬೆಳಕಿನಿಂದ ಕಾಪಾಡಬೇಕು ಎಂದು ಸೂಚಿಸಿತು. ನಾನು ಸುತ್ತು ಹಾಕುವಾಗ ಕಾಣುವ ಕೊರತೆ ಬ್ಯಾಗಿನದ್ದಲ್ಲ, ನಳಿಕೆಯದ್ದು. ಒಂದು ಕೆಜಿ ಮಗುವಿಗೆ ದಿನಕ್ಕೆ ಮೂರು ಗ್ರಾಂ ಲಿಪಿಡ್ ಎಂದರೆ 20 ಪ್ರತಿಶತದ ಎಮಲ್ಷನ್ 15 ಮಿ.ಲೀ., ಗಂಟೆಗೆ 0.6. ನಳಿಕೆಯಲ್ಲಿ ಎರಡು ಮಿ.ಲೀ. ಹಿಡಿಯುತ್ತದೆ ಎಂದರೆ ಪ್ರತಿ ಹನಿಯೂ ಅದರೊಳಗೆ ಮೂರು ಗಂಟೆಗೂ ಹೆಚ್ಚು ಕಳೆಯುತ್ತದೆ. ಮಗು ಕಾಮಾಲೆಗೆ ನೀಲಿ ಬೆಳಕಿನಡಿ ಮಲಗಿದ್ದರೆ ಆ ಮೂರು ಗಂಟೆಯೂ ನೀಲಿ ಬೆಳಕಿನಲ್ಲೇ. ಬ್ಯಾಗಿಗೆ ಹಳದಿ ಬಣ್ಣ ಕೊಡುವ ಬಿ2 ವಿಟಮಿನ್ ಆ ನೀಲಿ ಬೆಳಕನ್ನು ಹೀರಿ ಪೆರಾಕ್ಸೈಡ್ ಹುಟ್ಟಿಸುವುದರಲ್ಲಿ ಮುಂದು. ಬ್ಯಾಗಿಗೆ ಕವರು ಹಾಕಿ ನಳಿಕೆ ಬಿಳಿಯದೇ ಬಳಸಿದರೆ ಅರ್ಧ ಕೆಲಸವೂ ಆಗಿಲ್ಲ. ಬಣ್ಣದ ನಳಿಕೆ ಸ್ಟಾಕ್ ಇಲ್ಲದಿದ್ದರೆ ತರಿಸಲು ಬರೆದುಕೊಡಿ.

ಕೊನೆಗೆ ಬಿಸಿನೀರು. ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ. ಬಿಸಿಯಾದಷ್ಟೂ ಕ್ಯಾಲ್ಸಿಯಂ ಫಾಸ್ಫೇಟ್ ಹರಳು ಕಟ್ಟುತ್ತದೆ ಎಂದು ಮೇಲೆ ಹೇಳಿದೆ, ಬಿಸಿನೀರಿಗೆ ತಾಗಿದ ಕಡೆ ಮೊದಲು ಅದೇ ಆಗುತ್ತದೆ. ನೀರಿನಿಂದ ಪೋರ್ಟಿನ ಬಳಿ ಸೋಂಕೂ ತಗಲಬಹುದು. ತಣ್ಣಗಿರುವಾಗಲೇ ಹಾಕಿದರೆ ದ್ರವ ಬೆಚ್ಚಗಾಗುತ್ತ ಕರಗಿದ ಗಾಳಿ ಗುಳ್ಳೆಯಾಗಿ ಹೊರಬಂದು ಫಿಲ್ಟರಿನಲ್ಲಿ ಕೂರುತ್ತದೆ, ಪಂಪು ಮತ್ತೆ ಕೂಗುತ್ತದೆ. ಶಿಶುವಿನ ಚಿಕ್ಕ ಬ್ಯಾಗು ಕೋಣೆಯ ಉಷ್ಣತೆಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು. ರಾತ್ರಿ ಹತ್ತಕ್ಕೆ ಹಾಕಬೇಕಿದ್ದರೆ ಒಂಬತ್ತಕ್ಕೆ ಹೊರಗಿಡಿ, ಕವರು ತೆಗೆಯದೆ.